ಬೀದಿಯವರೆಲ್ಲ ಸೇರಿ ಕರೆಂಟ್ ಬಿಲ್ ಇಳಿಸೋದು, ಸೋಲಾರ್ ಹಾಕಿಸೋದು ಹೇಗೆ: ಬೆಂಗಳೂರಿನ ಒಂದು ಬಡಾವಣೆಯ ಅನುಭವದಿಂದ

ಮೊದಲನೇ ಸಲ ನಾವು "ಸೋಲಾರ್ ಬಗ್ಗೆ ಮೀಟಿಂಗ್" ಅಂತ ಪೇಪರ್ ಅಂಟಿಸಿದ್ವಿ, ಆರು ಜನ ಬಂದ್ರು, ಅದ್ರಲ್ಲಿ ಮೂರು ಜನ ಆಗ್ಲೇ ಹಾಕಿಸ್ಕೊಂಡೋರು. ಒಂದು ತಿಂಗಳು ಬಿಟ್ಟು "ನಿಮ್ಮ ಕರೆಂಟ್ ಬಿಲ್ ತಗೊಂಡು ಬನ್ನಿ, ಓದಿ ಹೇಳ್ತೀವಿ" ಅಂತ ಮನೆಮನೆಗೆ ಹೋಗಿ ಹೇಳಿದ್ವಿ, ದೇವಸ್ಥಾನದ ಪಕ್ಕದ ಕಟ್ಟೆ ಮೇಲೆ ಕೂತ್ಕೊಳ್ಳೋಕೆ ಜಾಗ ಸಾಲಲಿಲ್ಲ. ನಾನು ಕಲಿತ ಮುಖ್ಯ ಪಾಠ ಇದೇ, ಮಿಕ್ಕಿದ್ದೆಲ್ಲ ಇದರಿಂದಾನೇ ಹುಟ್ಟಿದ್ದು. ಜನ ಪ್ಯಾನಲ್‌ಗೋಸ್ಕರ ಸೇರಲ್ಲ, ಬಿಲ್ಲಿಗೋಸ್ಕರ ಸೇರ್ತಾರೆ, ಸೇರಿದ ಮೇಲೆ ಪ್ಯಾನಲ್ಲೂ ಬರುತ್ತೆ ಬೇರೆ ಎಲ್ಲಾನೂ ಬರುತ್ತೆ.

ಹಾಗಾಗಿ ಶುರು ಮಾಡೋರು ಮೊದಲು ಬಿಲ್ ಓದೋದು ಕಲೀಬೇಕು. ಅದಕ್ಕೆ ಒಂದು ಸಂಜೆ ಸಾಕು. ಬಿಲ್ಲಲ್ಲಿ ನೋಡಬೇಕಾದ್ದು ಆರ್‌ಆರ್ ನಂಬರ್ (ನಿಮ್ಮ ಕನೆಕ್ಷನ್ನಿನ ಗುರುತಿನ ಸಂಖ್ಯೆ), ಯಾರ ಹೆಸರಲ್ಲಿದೆ, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ಈ ತಿಂಗಳ ಯೂನಿಟ್, ಎಂಡಿ ಅಂತ ರೆಕಾರ್ಡ್ ಆಗಿರೋ ಗರಿಷ್ಠ ಲೋಡ್, ಆಮೇಲೆ ಗೃಹಜ್ಯೋತಿ ಇದ್ರೆ ಅದರ ಅರ್ಹ ಯೂನಿಟ್. 2025-26ರ ದರದಲ್ಲಿ ಮನೆಗಳಿಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಪ್ರತಿ ಕಿಲೋವ್ಯಾಟ್ ಲೋಡಿಗೆ ತಿಂಗಳಿಗೆ 145 ರೂಪಾಯಿ ಫಿಕ್ಸೆಡ್ ಚಾರ್ಜ್, ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜ್ ಯೂನಿಟ್‌ಗೆ 36 ಪೈಸೆ, ಮೇಲೆ ಟ್ಯಾಕ್ಸ್ ಇತ್ತು. ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಇದು ಬದಲಾಗುತ್ತೆ, ಆದ್ರಿಂದ ಹೊಸ ದರ ಬಂದ ಕೂಡಲೇ ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ.

ಮೂರನೇ ಕ್ರಾಸ್‌ನಲ್ಲಿ ಇಬ್ಬರೇ ಇರೋ ಒಂದು ವಯಸ್ಸಾದ ದಂಪತಿ ಮನೆ. ಗೃಹಜ್ಯೋತಿಗೆ ಅರ್ಜಿ ಹಾಕಿರಲಿಲ್ಲ, ಬಿಲ್ಲು ಮಗ ಫೋನಲ್ಲಿ ಕಟ್ಟಿಬಿಡ್ತಿದ್ದ. ಅಜ್ಜಿ ಬಿಲ್ಲಿನ ಚೀಟಿಗಳನ್ನೆಲ್ಲ ಒಂದು ಹಳೇ ಬಿಸ್ಕೆಟ್ ಡಬ್ಬದಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟಿದ್ರು, ಹಳೇವು ಅಕ್ಷರ ಅಳಿಸಿಹೋಗಿ ಬರೀ ಬಿಳಿ ಕಾಗದ ಆಗಿದ್ವು. ಹೊಸದು ಒಂದನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರೆ ಲೋಡ್ 5 ಕಿಲೋವ್ಯಾಟ್, ಮಕ್ಕಳೆಲ್ಲ ಜೊತೇಲಿದ್ದಾಗ ಎರಡು ಗೀಸರ್‌ಗೆ ಅಂತ ತಗೊಂಡಿದ್ದು. ಈಗ ಎಂಡಿ ಎರಡು ಕಿಲೋವ್ಯಾಟನ್ನೂ ದಾಟ್ತಿರಲಿಲ್ಲ. ಅಂದ್ರೆ ಒಂದು ಲೈಟ್ ಹಾಕದೆ ಇದ್ರೂ ತಿಂಗಳಿಗೆ 725 ರೂಪಾಯಿ. ಲೋಡ್ 3ಕ್ಕೆ ಇಳಿಸಿದ್ರೆ 435, ವರ್ಷಕ್ಕೆ 3,480 ರೂಪಾಯಿ ಉಳೀತು, ಆಮೇಲೆ ಗೃಹಜ್ಯೋತಿಗೂ ಅರ್ಜಿ ಹಾಕಿಸಿದ್ವಿ. ಆ ಅಜ್ಜಿ ಮುಂದಿನ ಭಾನುವಾರ ತಾವೇ ನಾಲ್ಕು ಮನೆಯವರನ್ನ ಕರ್ಕೊಂಡು ಬಂದ್ರು. ಯಾವ ಪಾಂಪ್ಲೆಟ್ಟೂ ಮಾಡದ ಕೆಲಸ ಅದು. ಒಂದು ಎಚ್ಚರಿಕೆ, ಮನೇಲಿ ಸೋಲಾರ್ ಹಾಕಿಸೋ ಯೋಚನೆ ಇದ್ರೆ ಲೋಡ್ ಇಳಿಸೋಕೆ ಮುಂಚೆ ವಿಚಾರಿಸಿ, ಪ್ಲಾಂಟ್ ಸೈಜಿಗೂ ಮಂಜೂರಾದ ಲೋಡಿಗೂ ನಂಟಿದೆ. ಎಂಡಿ ಬೇಸಿಗೇಲಿ ಎಷ್ಟು ಹೋಗಿದೆ ನೋಡ್ಕೊಂಡೇ ಇಳಿಸಿ, ಒಂದು ತಿಂಗಳ ಬಿಲ್ ನೋಡಿ ತೀರ್ಮಾನ ಮಾಡ್ಬೇಡಿ.

ಇನ್ನು ಯಾರನ್ನ ಸೇರಿಸ್ಕೋಬೇಕು. ಹೊಸ ಸಂಘ ಕಟ್ಟೋಕೆ ಹೋಗ್ಬೇಡಿ, ಇರೋದನ್ನ ಹಿಡೀರಿ. ನಮ್ಮ ಬೀದೀಲಿ ಗಣೇಶ ಕೂರಿಸೋ ಹುಡುಗರಿಗೆ ಪ್ರತಿಯೊಂದು ಮನೆ ಗೊತ್ತು, ಯಾರು ಚಂದಾ ಕೊಡ್ತಾರೆ, ಯಾರ ಮನೇಲಿ ಯಾವ ಹೊತ್ತಿಗೆ ಬಾಗಿಲು ತಟ್ಟಬೇಕು, ಯಾವ ಮನೇಲಿ ಮೇಲೆ ಬಾಡಿಗೆಯವರು ಕೆಳಗೆ ಓನರ್ರು, ಎಲ್ಲ ಬಾಯಿಪಾಠ. ಇನ್ನೊಂದು ಕಡೆ ಮಹಿಳಾ ಸ್ವಸಹಾಯ ಸಂಘ, ಅವ್ರಿಗೆ ಲೆಕ್ಕ ಇಡೋದು ಬರುತ್ತೆ, ವಾರಕ್ಕೊಂದು ಸಲ ಸೇರೋ ಅಭ್ಯಾಸ ಇದೆ. ಈ ಎರಡು ಗುಂಪಿಂದ ಇಬ್ಬಿಬ್ಬರು ಬಂದ್ರೆ ನಿಮ್ಮ ಕೆಲಸ ಅರ್ಧ ಮುಗೀತು. ನಿವೃತ್ತ ಎಲೆಕ್ಟ್ರಿಷಿಯನ್ನೋ ಲೈನ್‌ಮನ್ನೋ ಒಬ್ರು ಸಿಕ್ಕರೆ ಬಿಡಬೇಡಿ, ಅವ್ರು ಮೀಟರ್ ಬೋರ್ಡ್ ಮುಂದೆ ನಿಂತು ಹೇಳೋ ಒಂದು ಮಾತಿಗೆ ನಮ್ಮ ಹತ್ತು ಮಾತಿನ ತೂಕ ಇರುತ್ತೆ.

ಗುಂಪಿಗೆ ಮೂರು ನಿಯಮ ಇಟ್ಕೊಳ್ಳಿ. ಮೊದಲನೇದು, ವಾಟ್ಸಾಪ್ ಗ್ರೂಪ್ ಮಾಡಿ ಆದ್ರೆ ಅದರಲ್ಲಿ ಬಿಲ್ಲು, ಮೀಟಿಂಗು, ಫಾರ್ಮು ಬಿಟ್ಟು ಬೇರೇನೂ ಹಾಕಬಾರದು ಅಂತ ಮೊದಲ ದಿನಾನೇ ಹೇಳಿ. ಎರಡನೇದು ಪಾರ್ಟಿ. ಯಾವ ಪಕ್ಷದೋರೂ ಬರಲಿ, ಬ್ಯಾನರ್ ಬೇಡ. ಮೂರನೇದು ದುಡ್ಡು, ಇದು ಎಲ್ಲಕ್ಕಿಂತ ಮುಖ್ಯ, ಗುಂಪಿನ ಕೈಯಲ್ಲಿ ಯಾವತ್ತೂ ದುಡ್ಡು ಇಟ್ಕೋಬೇಡಿ. ಪ್ರತಿ ಮನೆಯವರೂ ತಮ್ಮ ಅರ್ಜಿ ಶುಲ್ಕ, ತಮ್ಮ ವೆಂಡರ್ ಹಣ ತಾವೇ ನೇರವಾಗಿ ಕಟ್ಟಲಿ. ಗುಂಪು ಮಾಡೋದು ವಿಷಯ ತಿಳಿಸೋದು, ಜೊತೆಗೆ ಹೋಗೋದು, ರೇಟ್ ಕೇಳೋದು ಅಷ್ಟೇ. ಜೆರಾಕ್ಸ್ ಖರ್ಚಿಗೆ ಅಂತ ನಾವು ಮನೆಗೆ ಇಪ್ಪತ್ತು ರೂಪಾಯಿ ತಗೊಂಡಿದ್ದಕ್ಕೂ ಲೆಕ್ಕ ಬರೆದು ದೇವಸ್ಥಾನದ ಗೋಡೆಗೆ ಅಂಟಿಸಿದ್ವಿ.

ಬಿಲ್ಲುಗಳೆಲ್ಲ ಬಂದ ಮೇಲೆ ಮನೆಗಳನ್ನ ಬೇರೆ ಬೇರೆ ಮಾಡ್ಕೊಳ್ಳಿ, ಯಾಕಂದ್ರೆ ಎಲ್ಲರಿಗೂ ಒಂದೇ ಔಷಧಿ ಅಲ್ಲ. ಸೋಲಾರ್ ಮಾರೋರು ಎಲ್ಲರಿಗೂ ಸೋಲಾರ್ ಅಂತಾರೆ, ನೀವು ಹಾಗೆ ಹೇಳ್ಬೇಡಿ. ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬರ್ತಿರೋ ಮನೆಗೆ ಸದ್ಯಕ್ಕೆ ದುಡ್ಡಿನ ಲೆಕ್ಕದಲ್ಲಿ ಪ್ಯಾನಲ್ ಬೇಕಾಗಿಲ್ಲ. ಅವ್ರಿಗೆ ಬೇಕಾಗಿರೋದು ಆ ಸೊನ್ನೆ ಕೈತಪ್ಪದ ಹಾಗೆ ನೋಡ್ಕೊಳ್ಳೋದು. 2023ರ ಜುಲೈನಿಂದ ಬಂದ ಈ ಯೋಜನೇಲಿ 2022-23ರ ಸರಾಸರಿ ಬಳಕೆ ಮೇಲೆ ಸಾಮಾನ್ಯವಾಗಿ ಶೇಕಡ 10 ಸೇರಿಸಿ ಅರ್ಹತೆ ಲೆಕ್ಕ ಹಾಕ್ತಾರೆ, ಅದಕ್ಕಿಂತ ಜಾಸ್ತಿ ಬಳಸಿದ್ರೆ ಜಾಸ್ತಿ ಆದ ಯೂನಿಟ್‌ಗೆ ಮಾತ್ರ ದುಡ್ಡು, ಆದ್ರೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು. 2025-26ರ ದರದಲ್ಲಿ 201 ಯೂನಿಟ್ ಆದ ತಿಂಗಳು ಬರೀ ಯೂನಿಟ್ ಚಾರ್ಜೇ 1,165 ರೂಪಾಯಿ ದಾಟ್ತಿತ್ತು, ಫಿಕ್ಸೆಡ್ ಚಾರ್ಜೂ ಟ್ಯಾಕ್ಸೂ ಬೇರೆ. ನಮ್ಮ ಬೀದೀಲಿ ಮಾರ್ಚ್-ಏಪ್ರಿಲ್‌ನಲ್ಲಿ 195ರಿಂದ 210ರ ಮಧ್ಯೆ ಒದ್ದಾಡ್ತಿದ್ದ ಮನೆಗಳು ಏಳಿದ್ವು.

ಆ ಏಳು ಮನೆಗೆ ನಾವು ಹೇಳಿದ್ದು ಫ್ಯಾನು. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತೆ, ಬಿಎಲ್‌ಡಿಸಿ ಅನ್ನೋ ಕಡಿಮೆ ಕರೆಂಟಿನ ಹೊಸ ಬಗೆ ಫ್ಯಾನ್ 30 ವ್ಯಾಟ್ ಹತ್ರ. ದಿನಕ್ಕೆ 12 ಗಂಟೆ ತಿರುಗಿದ್ರೆ ಒಂದೊಂದು ಫ್ಯಾನಿಂದ ತಿಂಗಳಿಗೆ 16 ಯೂನಿಟ್ ಉಳಿಯುತ್ತೆ, ಎರಡು ಬದಲಾಯಿಸಿದ್ರೆ 32. ಮನೇಲಿ ಇರೋ ಎಲ್ಲ ಫ್ಯಾನ್ ಬದಲಾಯಿಸೋದು ಬೇಡ, ರಾತ್ರಿಯೆಲ್ಲ ತಿರುಗೋ ಎರಡು ಸಾಕು. ಒಟ್ಟಿಗೆ ತಗೊಂಡ್ರೆ ಎಲೆಕ್ಟ್ರಿಕಲ್ ಅಂಗಡಿಯವರು ರೇಟ್ ಇಳಿಸ್ತಾರೆ, ನಮ್ಮ ಗುಂಪಿಗೆ ಫಿಟ್ಟಿಂಗ್ ಚಾರ್ಜ್ ಬಿಟ್ಟುಕೊಟ್ರು. ಗೀಸರ್ ವಿಷಯ ಹೇಳಿದ್ರೆ ಜನ ಬೇಗ ಒಪ್ಪಲ್ಲ ಆದ್ರೂ ಹೇಳಿ, 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದ್ರೆ ಒಂದು ಯೂನಿಟ್. ಬೆಂಗಳೂರಲ್ಲಿ ಸೋಲಾರ್ ವಾಟರ್ ಹೀಟರ್ ಹೊಸದೇನಲ್ಲ, ತಾರಸಿ ಮೇಲೆ ಕೆಟ್ಟು ಕೂತಿರೋ ಹೀಟರ್‌ಗಳೇ ಎಷ್ಟೋ ಇವೆ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಟ್ಯೂಬ್ ಹೋಗಿರುತ್ತೆ. ಒಬ್ಬ ರಿಪೇರಿಯವರನ್ನ ಒಂದೇ ದಿನ ಕರೆಸಿ ಬೀದಿಯದ್ದೆಲ್ಲ ಕ್ಲೀನ್ ಮಾಡಿಸೋದು ಈ ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಸಿಗೋ ದಾರಿ ಅಂತ ನನ್ನ ಅಭಿಪ್ರಾಯ.

ಬಾಡಿಗೆ ಮನೆಯವರ ಕಷ್ಟವೇ ಬೇರೆ. ಇದನ್ನ ಬಿಟ್ಟು ಮುಂದೆ ಹೋದ್ರೆ ಗುಂಪು ಬರೀ ಓನರ್‌ಗಳ ಕ್ಲಬ್ ಆಗುತ್ತೆ. ನಮ್ಮಲ್ಲಿ 20x30 ಅಡಿಯ ಒಂದು ಸೈಟಲ್ಲಿ ನಾಲ್ಕು ಮನೆ, ಒಂದೇ ಮೀಟರು, ಒಳಗೆ ಸಬ್‌ಮೀಟರ್ ಹಾಕಿ ಓನರ್ರು ಯೂನಿಟ್‌ಗೆ 10 ರೂಪಾಯಿ ತಗೊಳ್ತಿದ್ರು. ಒಂದೇ ಮೀಟರಲ್ಲಿ ನಾಲ್ಕು ಸಂಸಾರದ ಬಳಕೆ ಸೇರಿದ್ರೆ 200 ದಾಟೇ ದಾಟುತ್ತೆ, ಗೃಹಜ್ಯೋತಿ ಯಾರಿಗೂ ಸಿಗಲ್ಲ. ಅಲ್ಲಿ ಜಗಳಕ್ಕೆ ಹೋಗ್ಬೇಡಿ, ಬಾಡಿಗೆಯವರನ್ನ ಮನೆ ಬಿಡಿಸಿದ್ರೆ ಅವರ ಪಾಡೇನು. ನಾವು ಓನರ್ ಹತ್ರ ಹೋಗಿ, ಅಣ್ಣಾ ಬೇರೆ ಮೀಟರ್ ಹಾಕಿಸಿ, ಮೀಟರ್ ನಿಮ್ಮ ಹೆಸರಲ್ಲೇ ಇರುತ್ತೆ, ಬಾಡಿಗೆಯವರು ಅಗ್ರಿಮೆಂಟ್ ಕೊಟ್ಟು ಆಧಾರ್ ಲಿಂಕ್ ಮಾಡಿ ಯೋಜನೆ ತಗೊಳ್ತಾರೆ ಅಷ್ಟೇ, ಮನೆ ಖಾಲಿ ಮಾಡುವಾಗ ಡಿ-ಲಿಂಕ್ ಮಾಡ್ತಾರೆ ಅಂತ ಕೂರಿಸಿ ಹೇಳಿದ್ವಿ. ಅವ್ರಿಗಿದ್ದ ಭಯ ಅದೇ, ಬಾಡಿಗೆಯವರ ಹೆಸರು ಮೀಟರಿಗೆ ಹತ್ತಿಬಿಡುತ್ತೆ ಅಂತ. ಆ ಭಯ ಹೋದ ಮೇಲೆ ಒಪ್ಪಿದ್ರು. ಹೊಸ ಕನೆಕ್ಷನ್ ಕೇಳೋಕೆ ಮುಂಚೆ ಕಟ್ಟಡದ ಓಸಿ (ವಾಸಕ್ಕೆ ಯೋಗ್ಯ ಅನ್ನೋ ಪ್ರಮಾಣಪತ್ರ) ಕಾಗದ ವಿಚಾರಿಸ್ಕೊಳ್ಳಿ, 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಇದು ಬಿಗಿ ಆಗಿತ್ತು, ನಿಮ್ಮ ಸೈಟಿಗೆ ಈಗಿನ ನಿಯಮ ಏನಿದೆ ಕೇಳಿ. ಇತ್ತೀಚೆಗೆ ಬಂದ ಬಾಡಿಗೆಯವರಿಗೆ ಹಳೇ ಬಳಕೆಯ ಲೆಕ್ಕ ಇಲ್ದಿದ್ರೂ ತಿಂಗಳಿಗೆ 58 ಯೂನಿಟ್ ಸಿಗುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಈಗ ಸೋಲಾರ್‌ಗೆ ಬರೋಣ. ಇದು 200 ಯೂನಿಟ್ ಮೇಲೆ ಬಳಸೋ, ಸ್ವಂತ ತಾರಸಿ ಇರೋ ಮನೆಗಳಿಗೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೇಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೇದಕ್ಕೆ 18,000, ಒಟ್ಟು ಹೆಚ್ಚಂದ್ರೆ 78,000 ರೂಪಾಯಿ ಸಬ್ಸಿಡಿ. 1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು, ಬೆಂಗಳೂರಿನ ಬಿಸಿಲಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತೆ. 3 ಕಿಲೋವ್ಯಾಟ್ ಅಂದ್ರೆ ತಿಂಗಳಿಗೆ 360ರ ಹತ್ರ, ಮಳೆಗಾಲದಲ್ಲಿ ಕಡಿಮೆ. ನಿಮ್ಮ ಬಳಕೆ 220 ಇದ್ದು 3 ಹಾಕಿಸಿದ್ರೆ ಮಿಕ್ಕಿದ್ದು ಗ್ರಿಡ್‌ಗೆ, ಅಂದ್ರೆ ಬೆಸ್ಕಾಂ ಲೈನಿಗೆ ಹೋಗುತ್ತೆ, ಅದಕ್ಕೆ ಸಿಗೋ ರೇಟು ನೀವು ಕೊಡೋ ರೇಟಿಗಿಂತ ಕಡಿಮೆ. ಆದ್ರಿಂದ ಒಂದು ವರ್ಷದ ಬಿಲ್ ಇಟ್ಕೊಂಡು ಸೈಜ್ ತೀರ್ಮಾನ ಮಾಡಿ, ವೆಂಡರ್ ಹೇಳಿದ ಸೈಜ್ ಅಲ್ಲ. 2 ಸಾಕಾಗೋ ಮನೆಗೆ 5 ಮಾರೋಕೆ ನೋಡಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ.

ಅರ್ಜಿ ಹಾಕೋಕೆ ಮುಂಚೆ ಹೆಸರು ನೋಡಿ. ಸೋಲಾರ್ ಹಾಕಿಸೋಕೆ ಮುಂದೆ ಬಂದ ನಮ್ಮ ಹದಿನಾಲ್ಕು ಮನೇಲಿ ಐದು ಮನೆಯ ಮೀಟರು ತೀರಿಹೋದ ಅಪ್ಪನ ಹೆಸರಲ್ಲೋ ಅಜ್ಜನ ಹೆಸರಲ್ಲೋ ಇತ್ತು. ಬಿಲ್ ಕಟ್ಟುವಾಗ ಯಾರೂ ಕೇಳಲ್ಲ, ಸಬ್ಸಿಡಿ ಬರೋವಾಗ ಮೀಟರಿನ ಹೆಸರು, ಬ್ಯಾಂಕ್ ಖಾತೆ ಹೆಸರು ಎರಡೂ ಒಂದೇ ಇರ್ಬೇಕು. ಹೆಸರು ವರ್ಗಾವಣೆಗೆ ಮರಣ ಪತ್ರ, ಮನೆಯ ಖಾತೆ ಕಾಗದ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಅಂತ ಓಡಾಟ ಇರುತ್ತೆ, ಒಂದು ಮನೇಲಿ ಇದೇ ನೆಪದಲ್ಲಿ ಆರು ವರ್ಷ ಮಾತಾಡದ ಅಣ್ಣ ತಮ್ಮ ಒಂದೇ ಟೇಬಲ್ಲಲ್ಲಿ ಕೂತು ಸಹಿ ಹಾಕಿದ್ರು. ಈ ಕೆಲಸ ಮೊದಲು ಮುಗಿಸಿ ಆಮೇಲೆ ಯೋಜನೆಯ ಪೋರ್ಟಲ್ಲಲ್ಲಿ ಅರ್ಜಿ.

ರೇಟ್ ಕೇಳೋದು ಎಲ್ಲರೂ ಸೇರಿ. ಯೋಜನೇಲಿ ನೋಂದಣಿ ಆಗಿರೋ ಮೂರು ನಾಲ್ಕು ವೆಂಡರ್‌ಗಳಿಗೆ ಒಂದೇ ಪ್ರಶ್ನೆ ಪಟ್ಟಿ ಕಳಿಸಿ: ಪ್ಯಾನಲ್ ಯಾವುದು, ಸಬ್ಸಿಡಿಗೆ ಬೇಕಾದ ಡಿಸಿಆರ್ (ಭಾರತದಲ್ಲೇ ತಯಾರಾದ) ಪ್ಯಾನಲ್ಲಾ, ಇನ್ವರ್ಟರ್ ವಾರಂಟಿ ಎಷ್ಟು ವರ್ಷ, ಸ್ಟ್ರಕ್ಚರ್ ಗ್ಯಾಲ್ವನೈಸ್ಡಾ ಬರೀ ಪೇಂಟಾ, ಅರ್ಥಿಂಗ್ ಮತ್ತೆ ಮಿಂಚು ತಡೆ ಸೇರಿದ್ಯಾ, ಐದು ವರ್ಷದ ಮೇಂಟೆನೆನ್ಸ್ ಬರವಣಿಗೇಲಿ ಕೊಡ್ತೀರಾ. ಸೋಲಾರ್ ಉಪಕರಣಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿದಿದೆ, ಕೊಟೇಶನ್‌ನಲ್ಲಿ ಅದು ಕಾಣಿಸ್ತಿದ್ಯಾ ನೋಡಿ. ಹದಿನಾಲ್ಕು ಮನೆ ಒಟ್ಟಿಗೆ ಅಂದಾಗ ಮಾತಾಡೋ ಧಾಟಿನೇ ಬದಲಾಗುತ್ತೆ.

ದುಡ್ಡು ಹಂತ ಹಂತವಾಗಿ ಕೊಡಿ. ಗುಂಪು ಸೇರೋಕೆ ಮುಂಚೆ ನಮ್ಮ ಪಕ್ಕದ ಮನೆಯವರು ಒಬ್ಬ ಗುತ್ತಿಗೆದಾರನಿಗೆ ಶೇಕಡ 90 ಮುಂಗಡ ಕೊಟ್ಟಿದ್ರು. ಅವನು ಪ್ಯಾನಲ್‌ನ ನೀರಿನ ಟ್ಯಾಂಕಿನ ಪಕ್ಕಕ್ಕೆ ಕೂರಿಸಿ ಹೋದ. ನಾನು ಒಂದು ಮಧ್ಯಾಹ್ನ ಮೂರೂವರೆಗೆ ಅವ್ರ ತಾರಸಿ ಹತ್ತಿ ನೋಡಿದೆ, ಟ್ಯಾಂಕಿನ ನೆರಳು ಒಂದು ಪ್ಯಾನಲ್ ಮೇಲೆ ಓರೆಯಾಗಿ ಬಿದ್ದು, ಐದು ಗಂಟೆ ಹೊತ್ತಿಗೆ ಮೂರನ್ನ ನುಂಗಿತ್ತು. ಒಂದು ಪ್ಯಾನಲ್‌ಗೆ ನೆರಳು ಬಿದ್ರೆ ಆ ಸಾಲಿನ ಮಿಕ್ಕ ಪ್ಯಾನಲ್‌ಗಳೂ ಸೊರಗುತ್ತವೆ. ಆ ಗುತ್ತಿಗೆದಾರನಿಗೆ ಫೋನ್ ಮಾಡಿದ್ರೆ ಎತ್ತಲ್ಲ, ಕೊಡಬೇಕಾದ ದುಡ್ಡು ಉಳಿದಿದ್ರೆ ಎತ್ತುತ್ತಿದ್ದ. ನಾವು ಆಮೇಲೆ ಮಾಡಿದ್ದು ಹೀಗೆ, ಆರ್ಡರ್‌ಗೆ ಸ್ವಲ್ಪ, ಸಾಮಾನು ಮನೆಗೆ ಬಂದು ಪ್ಯಾನಲ್ ನಂಬರ್ ನೋಡಿದ ಮೇಲೆ ದೊಡ್ಡ ಭಾಗ, ನೆಟ್ ಮೀಟರ್ (ಮನೆಗೆ ಬಂದ ಕರೆಂಟು, ಲೈನಿಗೆ ಹೋದ ಕರೆಂಟು ಎರಡನ್ನೂ ಅಳೆಯೋದು) ಕೂತು ಓಡೋಕೆ ಶುರುವಾದ ಮೇಲೆ ಕೊನೇ ಭಾಗ. ನೆರಳು ನೋಡೋಕೆ ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ತಾರಸಿ ಫೋಟೋ ತೆಗೀರಿ. ಪಕ್ಕದ ಸೈಟ್ ಖಾಲಿ ಇದ್ರೆ ಅಥವಾ ಪಕ್ಕದವರದ್ದು ಹಳೇ ಹೆಂಚಿನ ಮನೆ ಆದ್ರೆ ಹುಷಾರು, ನಾಳೆ ಅಲ್ಲಿ ನಾಲ್ಕು ಅಂತಸ್ತು ಎದ್ರೆ ನಿಮ್ಮ ಬಿಸಿಲು ಹೋಯ್ತು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಿ ಇಲ್ಲಾಂದ್ರೆ ಆಮೇಲೆ ಬೈಸ್ಕೊಳ್ತೀರಿ. ಬ್ಯಾಟರಿ ಇಲ್ದಿರೋ ಗ್ರಿಡ್ ಸೋಲಾರ್ ಕರೆಂಟ್ ಹೋದಾಗ ಕೆಲಸ ಮಾಡಲ್ಲ. ಕಂಬದ ಮೇಲೆ ರಿಪೇರಿ ಮಾಡೋ ಲೈನ್‌ಮನ್‌ಗೆ ನಿಮ್ಮ ಮನೆ ಕರೆಂಟ್ ಹೊಡೀಬಾರ್ದು ಅಂತ ಇನ್ವರ್ಟರ್ ತಾನೇ ನಿಂತುಹೋಗುತ್ತೆ. ಆ ಕಾರಣ ಹೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಅಪಾರ್ಟ್‌ಮೆಂಟ್‌ನೋರು ಲಿಫ್ಟು, ಮೋಟಾರು, ಕಾರಿಡಾರ್ ಲೈಟು, ಗಾಡಿ ಚಾರ್ಜಿಂಗ್ ಇವುಗಳ ಮೀಟರಿಂದ ಶುರು ಮಾಡಿ. ಅಸೋಸಿಯೇಶನ್‌ಗಳಿಗೆ ಇದಕ್ಕೆ ಕಿಲೋವ್ಯಾಟ್‌ಗೆ 18,000 ಸಬ್ಸಿಡಿ ಇದೆ, 500 ಕಿಲೋವ್ಯಾಟ್‌ವರೆಗೆ. 20 ಕಿಲೋವ್ಯಾಟ್ ಹಾಕಿದ್ರೆ 3.6 ಲಕ್ಷ. ಮೇಂಟೆನೆನ್ಸ್ ಕಡಿಮೆಯಾಗುತ್ತೆ ಅನ್ನೋ ಒಂದೇ ಮಾತಿಗೆ ಜನರಲ್ ಬಾಡೀಲಿ ಕೈ ಏಳುತ್ತೆ.

ಅರ್ಜಿ ಹಾಕಿದ ಮೇಲೆ ಕಾಯೋದು ಇದ್ದೇ ಇರುತ್ತೆ. ನಿಯಮ ಗೊತ್ತಿದ್ರೆ ಕಾಯೋದು ಕಡಿಮೆ ಆಗುತ್ತೆ. 2024ರಲ್ಲಿ ತಿದ್ದುಪಡಿ ಆದ ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮದ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಮನೆ ಸೋಲಾರ್‌ಗೆ ತಾಂತ್ರಿಕ ಪರಿಶೀಲನೆ ಅಂತ ಅರ್ಜಿ ಕೂರಿಸ್ಕೊಳ್ಳೋ ಹಾಗಿಲ್ಲ. ಆ ಪುಟದ ಜೆರಾಕ್ಸ್ ಫೈಲಲ್ಲಿ ಇಟ್ಕೊಂಡು ಹೋಗಿ, ಗೌರವವಾಗಿ ತೋರಿಸಿ. ಒಬ್ಬೊಬ್ಬರೇ ಹೋಗ್ಬೇಡಿ, ಮೂರು ಜನ ಹೋಗಿ, ಕೊಟ್ಟ ಪ್ರತಿಯೊಂದು ಕಾಗದಕ್ಕೂ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಮೊದಲು ಬೆಸ್ಕಾಂನ ಸೆಕ್ಷನ್ ಆಫೀಸು, ಆಮೇಲೆ ಸಬ್‌ಡಿವಿಷನ್‌ನ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್), 1912 ಸಹಾಯವಾಣಿಗೆ ದೂರು ಕೊಟ್ಟು ನಂಬರ್ ಬರ್ಕೊಳ್ಳೋದು, ಗ್ರಾಹಕ ಸಂವಾದ ಸಭೇಲಿ ಎದ್ದು ಕೇಳೋದು, ಅದಕ್ಕೂ ಆಗದಿದ್ರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಒಂಬುಡ್ಸ್‌ಮನ್. ವಿದ್ಯುತ್ ಕಾಯ್ದೆ 2003ರ 42ನೇ ಸೆಕ್ಷನ್ ಈ ಕೊನೆಯ ಎರಡನ್ನೂ ನಮಗೆ ಕೊಟ್ಟಿದೆ, ವಕೀಲರು ಬೇಕಾಗಿಲ್ಲ. ಕೆಳಗಿನ ಮೆಟ್ಟಿಲಲ್ಲಿರೋ ಲೈನ್‌ಮನ್, ಮೀಟರ್ ರೀಡರ್ ಮೇಲೆ ಕೂಗಾಡ್ಬೇಡಿ, ಅವ್ರ ಕೈಯಲ್ಲಿ ಏನೂ ಇರಲ್ಲ, ಮಳೇಲಿ ಮರ ಬಿದ್ದಾಗ ರಾತ್ರಿ ಎರಡಕ್ಕೆ ಬರೋರು ಅವರೇ.

ನಮ್ಮ ಗುಂಪು ನಿಜವಾಗಿ ಗುಂಪು ಆಗಿದ್ದು ದರ ವಿಚಾರಣೆಗೆ ಹೋದಾಗ. ಸಾಮಾನ್ಯವಾಗಿ ನವೆಂಬರ್ ಕೊನೆ ಹೊತ್ತಿಗೆ ಎಸ್ಕಾಂಗಳು (ಬೆಸ್ಕಾಂ ತರದ ಕರೆಂಟ್ ಹಂಚೋ ಕಂಪನಿಗಳು) ದರದ ಅರ್ಜಿಯನ್ನ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಸಲ್ಲಿಸ್ತಾರೆ, ಪೇಪರಲ್ಲಿ ಪ್ರಕಟಣೆ ಬರುತ್ತೆ, ಆಕ್ಷೇಪಣೆಗೆ ಕೊನೇ ದಿನ, ಎಷ್ಟು ಪ್ರತಿ, ಅಫಿಡವಿಟ್ ಹೇಗೆ ಎಲ್ಲ ಅದರಲ್ಲೇ ಇರುತ್ತೆ. ಆ ಪ್ರಕಟಣೆ ಕತ್ತರಿಸಿ ಇಟ್ಕೊಳ್ಳಿ. ಕನ್ನಡದಲ್ಲೇ ಬರೀರಿ. ಎಲ್ಲರೂ ಒಂದೇ ಕಾಗದಕ್ಕೆ ಸಹಿ ಹಾಕೋದಕ್ಕಿಂತ ನಾಲ್ಕು ಮನೆ ನಾಲ್ಕು ಬೇರೆ ಕಾಗದ ಕೊಡೋದು ಒಳ್ಳೇದು, ಒಬ್ಬರು ಫಿಕ್ಸೆಡ್ ಚಾರ್ಜ್ ಬಗ್ಗೆ, ಒಬ್ಬರು ಬಾಡಿಗೆಯವರ ಸಬ್‌ಮೀಟರ್ ಬಗ್ಗೆ, ಹೀಗೆ. ವಸಂತನಗರದ ಆಯೋಗದ ಕಚೇರೀಲಿ ಬಹಿರಂಗ ವಿಚಾರಣೆ ದಿನ ನಮ್ಮ ಬೀದಿಯ ಟೈಲರ್ ಅಕ್ಕ ಎದ್ದು ನಿಂತು, "ನಾನು ಹೊಲಿಗೆ ಕಮ್ಮಿ ಮಾಡಿ ಕರೆಂಟ್ ಉಳಿಸಿದ್ರೆ ಯೂನಿಟ್ ದುಡ್ಡು ಇಳಿಯುತ್ತೆ, ಫಿಕ್ಸೆಡ್ ಚಾರ್ಜ್ ಇಳಿಯಲ್ಲ, ಅದು ಏರ್ತಾನೇ ಇದೆ, ಉಳಿಸಿದವರಿಗೆ ಏನು ಸಿಕ್ತು" ಅಂತ ಕೇಳಿದ್ರು. ಯೂನಿಟ್ ದರ 10 ಪೈಸೆ ಇಳಿಸಿ ಫಿಕ್ಸೆಡ್ ಚಾರ್ಜ್ 120ರಿಂದ 145ಕ್ಕೆ ಏರಿಸಿದ್ದನ್ನ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಿಲ್ಲ.

ಅಲ್ಲೇ ಕೇಳಬೇಕಾದ ಇನ್ನೊಂದು ಮಾತು ವರ್ಚುವಲ್ ನೆಟ್ ಮೀಟರಿಂಗ್. ಒಂದು ಶಾಲೆಯದ್ದೋ ಸಮುದಾಯ ಭವನದ್ದೋ ತಾರಸಿ ಮೇಲೆ ಪ್ಲಾಂಟ್ ಹಾಕಿ ಅದರ ಯೂನಿಟ್‌ಗಳನ್ನ ಹತ್ತಾರು ಮನೆ ಬಿಲ್ಲಿಗೆ ಹಂಚೋದು. ದೆಹಲಿಯ ಆಯೋಗ 2019ರಲ್ಲೇ ಇದಕ್ಕೆ ನಿಯಮ ಮಾಡ್ತು. ಶೀಟ್ ಮನೆಯವರು, ಬಾಡಿಗೆಯವರು, ಎತ್ತರದ ಕಟ್ಟಡದ ನೆರಳಲ್ಲಿ ಇರೋರು, ಇವ್ರಿಗೆಲ್ಲ ಸೂರ್ಯನಲ್ಲಿ ಪಾಲು ಸಿಗೋ ದಾರಿ ಇದೊಂದೇ, ಇದು ನಮ್ಮಲ್ಲಿ ಅವ್ರವರೆಗೂ ಇಳಿದು ಬರೋ ಹಾಗೆ ಪ್ರತಿ ವಿಚಾರಣೇಲೂ ಕೇಳ್ತಾನೇ ಇರ್ಬೇಕು.

ಮೀಟಿಂಗಲ್ಲಿ ಯಾರಾದ್ರೂ "ಕ್ಲೀನ್ ಎನರ್ಜಿ ನಮಗ್ಯಾಕೆ" ಅಂದ್ರೆ ಉಪದೇಶ ಬೇಡ, ರಾಯಚೂರಿನ ಬಗ್ಗೆ ಹೇಳಿ. 1905ರಲ್ಲಿ ಕೆ.ಆರ್. ಮಾರ್ಕೆಟ್ ಹತ್ರ ದೀಪ ಹತ್ತಿದಾಗ ಕರೆಂಟ್ ಬಂದಿದ್ದು ಶಿವನಸಮುದ್ರದ ನೀರಿಂದ, ಇವತ್ತು ಮಳೆ ಕೈಕೊಟ್ಟ ವರ್ಷ ನಮ್ಮ ಗೀಸರ್ ಬಿಸಿ ಮಾಡೋದರಲ್ಲಿ ರಾಯಚೂರು ಶಕ್ತಿನಗರದ 1,720 ಮೆಗಾವ್ಯಾಟ್ ಕಲ್ಲಿದ್ದಲ ಸ್ಥಾವರದ ಪಾಲು ದೊಡ್ಡದು, ಆ ಬೂದಿ ಬೀಳೋದು ಅಲ್ಲಿಯವರ ಅಂಗಳದಲ್ಲಿ. ಪಾವಗಡದ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಬೇಕಾಯ್ತು. ನಮ್ಮ ತಾರಸಿಗೆ ಯಾರ ಹೊಲಾನೂ ಬೇಡ. ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದು ನಮ್ಮ ಬೀದಿಯಲ್ಲೇ ಇರೋ ಒಬ್ಬ ಹುಡುಗ ಇದನ್ನ ಹೇಳಿದ ದಿನ ಯಾರೂ ಎದುರು ಮಾತಾಡಲಿಲ್ಲ.

ಪ್ಯಾನಲ್ ಬಂದ ಮೇಲೂ ಗುಂಪು ಬಿಡಬೇಡಿ. ಪ್ರತಿ ತಿಂಗಳು ಒಂದನೇ ತಾರೀಖು ಎಲ್ಲರೂ ನೆಟ್ ಮೀಟರ್ ಫೋಟೋ ಗ್ರೂಪಿಗೆ ಹಾಕ್ತೀವಿ, ಒಂದೇ ಸೈಜಿನ ಎರಡು ಮನೇಲಿ ಒಂದರದ್ದು ಕಮ್ಮಿ ಬಂದ್ರೆ ಅದೇ ದಿನ ಗೊತ್ತಾಗುತ್ತೆ. ಎರಡು ವಾರಕ್ಕೊಮ್ಮೆ ಬೆಳಿಗ್ಗೆ ಬಿಸಿಲೇರೋ ಮುಂಚೆ ತೊಳೀಬೇಕು, ಬೋರ್ ನೀರು ಬೇಡ ಬಿಳಿ ಕಲೆ ಕೂರುತ್ತೆ, ಕಾವೇರಿ ನೀರು ಇಲ್ಲಾಂದ್ರೆ ಹಿಡಿದಿಟ್ಟ ಮಳೆನೀರು, ಮೆತ್ತಗಿನ ಬಟ್ಟೆ. ಗಣೇಶನ ಹುಡುಗರಲ್ಲಿ ಇಬ್ಬರು ಈಗ ಮನೆಗೆ ನೂರು ರೂಪಾಯಿ ತಗೊಂಡು ಈ ಕೆಲಸ ಮಾಡ್ತಾರೆ, ಪಕ್ಕದ ಎರಡು ಕ್ರಾಸಿನವರೂ ಅವರನ್ನೇ ಕರೀತಾರೆ, ಹೋದಾಗ ಆ ಮನೆಗಳ ಬಿಲ್ಲೂ ಒಮ್ಮೆ ನೋಡ್ಕೊಂಡು ಬರ್ತಾರೆ.